ಬಾತುಕೋಳಿಗಳಿಗೆ ಹೊಂಗೆಎಣ್ಣೆ

ಆಗ ನಮ್ಮ ಕಡೆ ಕೆರೆ ಕೋಡಿ ಬಿದ್ದ ವರ್ಷವನ್ನು ಜನ ಮಕ್ಕಳ ವಯಸ್ಸು ಹೇಳುವುದಕ್ಕೆ ಬಳಸುತ್ತಿದ್ದರು. ಅಷ್ಟು ಅಪರೂಪ. ದೊಡ್ಡೇರಿ ಹೋಬಳಿಯ ನಮ್ಮೂರಿನಲ್ಲಿ ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಅಂಥ ಒಂದು ವರ್ಷ ಬಂತು. ನನಗೆ ಹತ್ತು ವರ್ಷ. ಕೆರೆಯ ಹಿಂದೆ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆದರು, ಸಂಕ್ರಾಂತಿಯ ಹೊತ್ತಿಗೆ ಕೊಯ್ದರು. ಕೊಯ್ದ ಗದ್ದೆಯ ಕೆಸರು, ಕೂಳೆ, ಬಸವನಹುಳುಗಳ ವಾಸನೆ ಹಿಡಿದುಕೊಂಡು ಬಂದಂತೆ ಆಂಧ್ರದ ಕಡೆಯಿಂದ ಬಾತುಕೋಳಿ ಮೇಯಿಸುವವನೊಬ್ಬ ಐನೂರೋ ಆರುನೂರೋ ಬಾತುಗಳೊಂದಿಗೆ ಬಂದು ಕೆರೆಯಂಗಳದಲ್ಲಿ ಬಲೆ ಕಟ್ಟಿದ. ಅವನು ಇದ್ದದ್ದು ಎಂಟು ದಿನ. ಆ ಎಂಟು ದಿನ ನಮ್ಮ ಮನೆಯಲ್ಲಿ ನಡೆದ ರಗಳೆಯನ್ನು ಇಷ್ಟು ವರ್ಷವಾದ ಮೇಲೂ ನಾನು ಸಮಾಧಾನದಿಂದ ನೆನೆಯಲಾರೆ.

ನಮ್ಮದು ಕುರಿಯ ಮನೆ. ಅಂಗಳದಲ್ಲಿ ಕುರಿರೊಪ್ಪ, ಜಗುಲಿಯ ಮೇಲೆ ಉಣ್ಣೆಯ ಮೂಟೆ, ಹಾಸಲು ಕಂಬಳಿ, ಹೊದೆಯಲು ಕಂಬಳಿ. ಅವರೆಕಾಳಿನ ಸಾರಿನಲ್ಲೂ ಒಂದು ಎಳೆ ಉಣ್ಣೆ ಸಿಗುತ್ತಿತ್ತು. ಕುರಿ ತಾತನದು, ಹೊಲ ತಾತನದು, ಮನೆ ತಾತನದು. ನನ್ನವ್ವನದು ಎಂದು ಹೇಳಬಹುದಾದದ್ದು ಹಿತ್ತಲಿನ ನಾಲ್ಕು ಬಾತುಕೋಳಿ ಮಾತ್ರ. ಮದುವೆಯಾದ ಹೊಸದರಲ್ಲಿ ತವರೂರಾದ ತಾವರೆಕೆರೆಯಿಂದ ಬುಟ್ಟಿಯಲ್ಲಿ ತಂದ ಒಂದು ಜೋಡಿಯ ಸಂತತಿ ಅವು. ಹಿತ್ತಲಿಗೆ ಮುಳ್ಳುಬೇಲಿ ಹಾಕಿದವಳು ಅವಳು, ಅದಕ್ಕೊಂದು ತಡಿಕೆಯ ಬಾಗಿಲು ಮಾಡಿಸಿದವಳು ಅವಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಕಲ್ಲುಬಾನಿ ಇಟ್ಟು ದಿನಾ ನೀರು ತುಂಬಿಸುತ್ತಿದ್ದಳು. ಆದರೆ ಬಾತುಗಳಿಗೆ ವಯಸ್ಸಾಗಿತ್ತು. ಯುಗಾದಿಯಿಂದ ಈಚೆಗೆ ಒಂದು ಮೊಟ್ಟೆಯೂ ಇರಲಿಲ್ಲ. ಈ ನಾಲ್ಕು ಸತ್ತರೆ ಅವ್ವನ ಹಿತ್ತಲಿನಲ್ಲಿ ಅವ್ವನದು ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಅವ್ವ ಮಾವನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಸೊಸೆಯಂದಿರು ಹಾಗೇ ಇರುತ್ತಿದ್ದದ್ದು. ತಾತ ಎರಡು ಮಾರು ದೂರದಲ್ಲಿ ನಿಂತಿದ್ದರೂ ಅವ್ವ ನನ್ನ ಕಡೆ ತಿರುಗಿ, "ಲೇ ರತ್ನಿ, ಉಣ್ಣಾಕೆ ಬರಬೇಕಂತೆ ಅನ್ನು ನಿಮ್ಮ ತಾತಂಗೆ" ಅನ್ನುತ್ತಿದ್ದಳು. ತಾತನೂ, "ಬತ್ತೀನಿ ಅಂತ ಹೇಳು ನಿಮ್ಮವ್ವಂಗೆ" ಅನ್ನುತ್ತಿದ್ದ. ಇಬ್ಬರ ಕಿವಿಯೂ ಚೆನ್ನಾಗಿತ್ತು. ಆದರೂ ನಾನು ಪ್ರತಿ ಮಾತನ್ನೂ ಇನ್ನೊಮ್ಮೆ ಹೇಳಬೇಕಿತ್ತು. ಒಂದು ಪದ ಬಿಟ್ಟರೆ ಎರಡೂ ಕಡೆಯಿಂದ ಬೈಗುಳ.

ಬಾತು ಮೇಯಿಸುವವನ ಹೆಸರು ಓಬುಲಯ್ಯ. ತುದಿಗೆ ಬಟ್ಟೆ ಚೂರು ಕಟ್ಟಿದ ಉದ್ದನೆಯ ಬಿದಿರುಕೋಲು ಹಿಡಿದು, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಓಡಾಡುತ್ತಿದ್ದ. ಅವ್ವ ಅವನಿಗೆ ಒಂದು ಮೊರ ಅವರೆಕಾಯಿ ಮತ್ತು ಒಂದು ಹಳೆಯ ಕಂಬಳಿ ಕೊಟ್ಟಳು. ಅವನು ಐದು ಎಳೆಯ ಬಾತು ಕೊಟ್ಟ. ಕೊಡುವಾಗಲೇ ಎಚ್ಚರಿಕೆಯನ್ನೂ ಕೊಟ್ಟ.

"ಅಮ್ಮಾ, ಇವು ಮಂದೇಲಿ ಬೆಳ್ದಿರೋವು. ನಿನ್ನ ಹಳೇವು ಸೇರಿಸ್ಕಳ್ಳಿಲ್ಲ ಅಂದ್ರೆ ತಿನ್ನಲ್ಲ, ಒಣಗೋತವೆ. ಎಂಟು ದಿನ ಇಲ್ಲೇ ಇರ್ತೀನಿ. ಕೂಡ್ಕಂಡ್ರೆ ನಿಂದು. ಕೂಡ್ಲಿಲ್ಲ ಅಂದ್ರೆ ವಾಪಸ್ ಕೊಟ್ಟುಬುಡು, ಪಾಪ ತಗಲ್ತದೆ."

ಮೊದಲ ದಿನ ಸಂಜೆ ಐದನ್ನೂ ಹಿತ್ತಲಿಗೆ ಬಿಟ್ಟೆವು. ಹಳೆಯ ನಾಲ್ಕರಲ್ಲಿ ಒಂದು ಗಂಡು, ಮೂರು ಹೆಣ್ಣು. ಹೆಣ್ಣುಗಳಲ್ಲಿ ಹಿರಿಯದಕ್ಕೆ ಅವ್ವ ಗೌಡ್ತಿ ಎಂದು ಹೆಸರಿಟ್ಟಿದ್ದಳು. ಅದರ ಕತ್ತು ಎಡಕ್ಕೆ ಸ್ವಲ್ಪ ಸೊಟ್ಟ. ಗೌಡ್ತಿ ಹೊಸಬರನ್ನು ಒಂದು ಸುತ್ತು ನೋಡಿತು, ಕತ್ತನ್ನು ನೆಲಕ್ಕೆ ಸಮನಾಗಿ ಚಾಚಿತು, ಮೊದಲು ಸಿಕ್ಕಿದ್ದರ ಕತ್ತಿನ ಪುಕ್ಕ ಕಚ್ಚಿ ಎಳೆದಾಡಿತು. ಉಳಿದ ಮೂರೂ ಅದನ್ನೇ ಮಾಡಿದವು. ಹೊಸ ಬಾತುಗಳು ಬೇಲಿಯ ಮುಳ್ಳಿಗೆ ಎದೆ ಒತ್ತಿಕೊಂಡು ಕಿರುಚಿದವು. ಕೆರೆಯಂಗಳದಿಂದ ಓಬುಲಯ್ಯನ ಮಂದೆ ಉತ್ತರ ಕೊಟ್ಟಿತು. ಊರಿನ ನಾಯಿಗಳೂ ಸೇರಿಕೊಂಡವು.

ಅವ್ವ ಗಾಬರಿಯಾಗಲಿಲ್ಲ. ಒಂದು ಬಿದಿರು ತಟ್ಟಿ ತಂದು ಹಿತ್ತಲಿನ ನಡುವೆ ನಿಲ್ಲಿಸಿ ಗೂಟ ಹೊಡೆದಳು. ಈಚೆಗೆ ಹಳೆಯವು, ಆಚೆಗೆ ಹೊಸವು. ಒಂದನ್ನೊಂದು ನೋಡಬಹುದು, ಕಚ್ಚುವಂತಿಲ್ಲ. ರಾಗಿ ಗಂಜಿ ಬೆರೆಸಿದ ಮುಸುರೆಯನ್ನು ತಟ್ಟಿಯ ಎರಡೂ ಬದಿಗೆ ಒತ್ತಿದಂತೆ ಇಟ್ಟಳು. ಒಟ್ಟಿಗೆ ತಿಂದೂ ತಿಂದೂ ಮುಖ ರೂಢಿಯಾಗಬೇಕು ಎಂಬುದು ಅವಳ ಲೆಕ್ಕ. ಆಮೇಲೆ ನನ್ನ ಕಡೆ ತಿರುಗಿ, ಜಗುಲಿಯ ಮೇಲಿದ್ದ ತಾತನಿಗೆ ಕೇಳುವಷ್ಟು ಗಟ್ಟಿಯಾಗಿ, "ಈ ತಟ್ಟೀನ ಯಾರೂ ಮುಟ್ಟಂಗಿಲ್ಲ" ಅಂದಳು.

ತಾತನ ವಿಷಯ ಇಲ್ಲಿ ಬರುತ್ತದೆ. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅವನೂ ಅಪ್ಪನೂ ಕುರಿ ಹೊಡೆದುಕೊಂಡು ಪಾವಗಡ ದಾಟಿ ಹೋಗುತ್ತಿದ್ದರು. ಆ ವರ್ಷ ಮೊದಲ ಸಲ ಮಂಡಿನೋವಿನಿಂದ ತಾತ ಮನೆಯಲ್ಲಿ ಉಳಿದಿದ್ದ. ಅಪ್ಪನೊಬ್ಬನೇ ಹೋಗಿದ್ದ, ರೊಪ್ಪ ಖಾಲಿ. ಹಿಕ್ಕೆ ಗುಡಿಸುವುದಕ್ಕೂ ಇಲ್ಲ. ಕೋಲು ಹಿಡಿದು ಜಗುಲಿಯ ಮೇಲೆ ಕೂತು ಹಾದುಹೋಗುವ ಆಡುಗಳಿಗೆಲ್ಲ ಬುದ್ಧಿ ಹೇಳುತ್ತಿದ್ದ. ಅಂಥ ಮನುಷ್ಯನ ಎದುರಿಗೆ ಸೊಸೆ ಐದು ಪ್ರಾಣಿಗಳನ್ನು ಒಂದು ಗುಂಪಿಗೆ ಕೂಡಿಸಲು ಮೂರು ದಿನ, ನಾಲ್ಕು ದಿನ ತೆಗೆದುಕೊಳ್ಳುತ್ತಿದ್ದಳು. ಅದನ್ನು ಅವನು ಸಹಿಸಿಕೊಳ್ಳುವ ಹಾಗಿರಲಿಲ್ಲ.

"ಕೊಂಡುತಂದ ಕುರೀನ ಮಂದೆಗೆ ಕೂಡ್ಸಾಕೆ ನನಗೆ ಒಂದು ಹೊತ್ತು ಸಾಕು ಕಣೆ" ಅಂದ ನನಗೆ. "ಕುರಿ ಕಣ್ಣಾಗೆ ನೋಡಲ್ಲ, ಮೂಗಾಗೆ ನೋಡ್ತದೆ. ಎಲ್ಲದಕ್ಕೂ ಒಂದೇ ವಾಸ್ನೆ ಹಚ್ಚು, ಹಳೇದೊಂದಕ್ಕೆ ಹೊಸದೊಂದ ಕಟ್ಟು. ಮುಗೀತು. ಇದೇನು ನಿಮ್ಮವ್ವ, ಸಿನಿಮಾ ಪರದೆ ಕಟ್ಟಿದಂಗೆ ತಟ್ಟಿ ಕಟ್ಟವಳೆ."

"ತಾತ, ಅವು ಬಾತು."

"ಬಾತಿಗೆ ಮೂಗಿಲ್ವಾ?"

ಬಾತುಗಳ ಕೊಕ್ಕಿನ ಮೇಲೆ ಎರಡು ತೂತುಗಳಿದ್ದದ್ದು ನಿಜ.

ಐದನೆಯ ದಿನದ ಹೊತ್ತಿಗೆ ತಟ್ಟಿ ಕೆಲಸ ಮಾಡುತ್ತಿತ್ತು. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಶಾಲೆಯಿಂದ ಬಂದವಳೇ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು ಅಲ್ಲೇ ಕೂರುತ್ತಿದ್ದೆ. ಗೌಡ್ತಿ ತಟ್ಟಿಗೆ ಒರಗಿ ಮಲಗುತ್ತಿತ್ತು. ಆಚೆಯಿಂದ ಹೊಸದೊಂದು ಅಲ್ಲೇ ಒರಗುತ್ತಿತ್ತು. ಇನ್ನು ಒಂದೆರಡು ದಿನ ಸುಮ್ಮನಿದ್ದಿದ್ದರೆ ಈ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಆರನೆಯ ದಿನ ಮಧುಗಿರಿ ಸಂತೆ. ಅವ್ವ ಬೆಳಗಿನ ಬಸ್ಸಿಗೆ ಹೊರಟಳು. "ಸಾಯಂಕಾಲದ ಬಸ್ಸಿಗೆ ಬತ್ತೀನಿ. ತಟ್ಟಿ ನೋಡ್ಕ" ಅಂದಳು. ಬಸ್ಸಿನ ಧೂಳು ಇಳಿಯುವ ಮೊದಲೇ ತಾತ ಗೂಟ ಕೀಳುತ್ತಿದ್ದ.

ಕುರಿಗಳಿಗೆ ಕಜ್ಜಿಯಾದರೆ ಹಚ್ಚಲು ಹೊಂಗೆಎಣ್ಣೆಯ ಡಬ್ಬ ಇರುತ್ತಿತ್ತು. ಆ ವಾಸನೆಯನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಬಟ್ಟೆಗೆ ಬಿದ್ದರೆ ಬಟ್ಟೆ ಹರಿಯುವವರೆಗೂ ಇರುತ್ತದೆ. ತಾತ ಒಂದೊಂದೇ ಬಾತನ್ನು ತೊಡೆಯ ನಡುವೆ ಹಿಡಿದು, ಕತ್ತಿನಿಂದ ಬಾಲದವರೆಗೆ ಎರಡೂ ಕೈಯಿಂದ ಎಣ್ಣೆ ತಿಕ್ಕಿದ. ಮಗುವಿಗೆ ತಿಕ್ಕಿದ ಹಾಗೆ, ರೆಕ್ಕೆಯ ಕೆಳಗೂ ಬಿಡದೆ. ನಾನು ಹಿಡಿದು ಹಿಡಿದು ಕೊಟ್ಟೆ. ಇದರಲ್ಲಿ ನನ್ನ ಪಾಲನ್ನು ಮುಚ್ಚಿಡುವುದಿಲ್ಲ.

ಎಣ್ಣೆಯಾದ ಮೇಲೆ ಕಟ್ಟುವ ಕೆಲಸ. ಕಂಬಳಿ ನೂಲಿನಿಂದ ಹಳೆಯದೊಂದರ ಕಾಲಿಗೆ ಹೊಸದೊಂದರ ಕಾಲು. ಹಳೆಯವು ನಾಲ್ಕು, ಹೊಸವು ಐದು. ನಾಲ್ಕು ಜೋಡಿ ಕಟ್ಟಿ ತಾತ ತಲೆ ಕೆರೆದುಕೊಂಡ.

"ಇದೊಂದು ಉಳೀತಲ್ಲೇ."

ಆಮೇಲೆ ಅದನ್ನು ನನ್ನ ಕಾಲಿಗೆ ಕಟ್ಟಿದ. "ನೀನೂ ಈ ಮನೇವಳೇ ಅಲ್ವಾ? ನಿನ್ನ ಜೊತೇಲೇ ರೂಢಿಯಾಗ್ಲಿ. ಅದಕ್ಕೆ ನೀನೇ ಎಣ್ಣೆ ಸವರು" ಅಂದು ಡಬ್ಬ ನನ್ನ ಮುಂದಿಟ್ಟ.

ಅದನ್ನು ಮಡಿಲಿಗೆ ಎತ್ತಿಕೊಂಡೆ. ಅದರ ಎದೆ ನನ್ನ ಅಂಗೈಯಲ್ಲಿ ಹೊಲಿಗೆ ಯಂತ್ರದಂತೆ ಹೊಡೆದುಕೊಳ್ಳುತ್ತಿತ್ತು. ತಾತ ಆ ಕಡೆ ತಿರುಗಿದಾಗ ಕೈಯ ಎಣ್ಣೆಯನ್ನು ಹುಲ್ಲಿಗೆ ಒರೆಸಿ, "ಹಚ್ಚಿದೆ" ಅಂದೆ. ಅದಕ್ಕೊಂದು ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ಜೋಡಿಗಳು ಏನು ಮಾಡಿದವು ಎಂದು ಕೇಳಬೇಡಿ. ಒಂದು ಜೋಡಿ ಕಲ್ಲುಬಾನಿಯ ಆಚೆಗೊಂದು ಈಚೆಗೊಂದು ಬಿದ್ದು ನೇತಾಡಿದವು. ಇನ್ನೊಂದು ಜೋಡಿ ನುಗ್ಗೆಮರವನ್ನು ಸುತ್ತಿ ಸುತ್ತಿ ನೂಲು ಮುಗಿದ ಮೇಲೆ ಮುಖಕ್ಕೆ ಮುಖ ನಿಂತು ಕಚ್ಚಾಡಿದವು. ಗಂಡು ಬಾತು ತನ್ನ ಜೊತೆಯದನ್ನು ನೆಲದ ಮೇಲೆ ಎಳೆದುಕೊಂಡೇ ಓಡಿತು. ಎಣ್ಣೆ ಮೈಗೆ ಧೂಳು, ಹಿಕ್ಕೆಪುಡಿ ಮೆತ್ತಿ ಎಂಟೂ ರಾಗಿಹಿಟ್ಟಿನಲ್ಲಿ ಹೊರಳಾಡಿದಂತಾದವು. ತಾತ ಬೈಯುತ್ತ ಕುಡುಗೋಲಿನಿಂದ ನೂಲನ್ನೆಲ್ಲ, ನನ್ನ ಕಾಲಿನದೂ ಸೇರಿ, ಕೊಯ್ದ.

"ಜಾತಿ ಬುದ್ಧಿ ಬುಡವಲ್ಲ ಇವು" ಅಂದ.

"ತಾತ, ಅವ್ವ ಬತ್ತಾಳೆ" ಅಂದೆ.

ಆಗ ಮೊದಲ ಸಲ ಅವನ ಮುಖದಲ್ಲಿ ಯೋಚನೆ ಕಂಡಿತು. ಉಪಾಯ ಹೇಳಿದವಳು ಮಾತ್ರ ನಾನು. ಕಂಬಳಿ ಒಗೆಯಲು ಅಂಟುವಾಳದ ಕಾಯಿ ನೆನೆಹಾಕಿದ್ದರು. ಅದರ ನೊರೆಯಲ್ಲಿ ಎಂಟನ್ನೂ ಒಗೆಯುವ ಕಲ್ಲಿನ ಮೇಲೆ ತೊಳೆದೆವು. ಎರಡೆರಡು ಸಲ. ನನ್ನದನ್ನು ಆಗಲೇ ತೊಳೆದೆ ಅಂತ ಇನ್ನೊಂದು ಸುಳ್ಳು ಹೇಳಿದೆ. ಧೂಳು ಹೋಯಿತು, ಜಿಡ್ಡೂ ಹೋಯಿತು. ವಾಸನೆ ಹೋಗಲಿಲ್ಲ. "ಕೆರೆಗೆ ಬುಟ್ರೆ ಅವೇ ತೊಳ್ಕಂತವೆ" ಎಂದು ತಾತ ತೀರ್ಮಾನ ಕೊಟ್ಟ. ಒಂಬತ್ತನ್ನೂ ಕೆರೆಗೆ ಹೊಡೆದುಕೊಂಡು ಹೋದೆವು.

ಬಾತು ನೀರಿನಲ್ಲಿ ಮುಳುಗುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅವು ಖುಷಿಯಿಂದಲೇ ಇಳಿದವು. ನಾಲ್ಕು ಮಾರು ಹೋಗುವಷ್ಟರಲ್ಲಿ ಬೆನ್ನು ನೀರಿನ ಮಟ್ಟಕ್ಕೆ ಬಂತು, ಆಮೇಲೆ ಬರೀ ಕತ್ತುಗಳು ಕಂಡವು. ಗೌಡ್ತಿಯ ಸೊಟ್ಟ ಕತ್ತು ಎಲ್ಲಕ್ಕಿಂತ ಮುಂದೆ ಇತ್ತು. ನಾನು ಎಣ್ಣೆ ಹಚ್ಚದೆ ಬಿಟ್ಟಿದ್ದ ಒಂದೇ ಒಂದು ಮಾತ್ರ ಕಾಗದದ ದೋಣಿಯ ಹಾಗೆ ತೇಲುತ್ತಿತ್ತು.

ನಾನು ಕಿರುಚಿದೆ. ತಾತ ಕೋಲು ಬಿಸಾಡಿ, ಮಂಡಿನೋವು ಮರೆತು, ಪಂಚೆ ಸಮೇತ ಸೊಂಟದವರೆಗೂ ಇಳಿದ. ಆಚೆ ದಡದಿಂದ ಓಬುಲಯ್ಯ ಓಡಿಬಂದು ಧುಮುಕಿದ. ಇಬ್ಬರೂ ಕೈಗೆ ಸಿಕ್ಕ ಕತ್ತುಗಳನ್ನು ಹಿಡಿದು ಹಿಡಿದು ದಡಕ್ಕೆ ಎಸೆದರು. ನಾನು ಬುಟ್ಟಿಗೆ ಹಾಕಿದೆ. ಎಂಟೂ ಬದುಕಿದ್ದವು, ನಡುಗುತ್ತಿದ್ದವು. ಒಂಬತ್ತನೆಯದು ತಾನಾಗಿ ಈಜಿ ದಡಕ್ಕೆ ಬಂತು.

ಓಬುಲಯ್ಯ ಒಂದನ್ನು ಮೂಸಿ ನೋಡಿದ. "ಇದೇಂ ಪನಿ ಪೆದ್ದಾಯನಾ?" ಅಂದ. ಏನು ಕೆಲಸ ಮಾಡಿದೆ ಹಿರಿಯನೇ ಎಂದು. ನನ್ನ ಸುಳ್ಳು ಮಾತ್ರ ಬಿಟ್ಟು ನಾನು ನಡೆದದ್ದೆಲ್ಲ ಹೇಳಿದೆ. ಅವನು ಕೆಸರಿನಲ್ಲೇ ಕೂತುಬಿಟ್ಟ. "ಬಾತಿನ ಮೈಯಾಗೆ ಅದರದ್ದೇ ಎಣ್ಣೆ ಇರ್ತದಯ್ಯಾ. ಬಾಲದ ಬುಡದಾಗೆ ಗಂಟು ಐತೆ ನೋಡು. ಅಲ್ಲಿಂದ ಕೊಕ್ಕಿಗೆ ತಗಂಡು ಅದೇ ಹಚ್ಚಿಕೊಂತದೆ. ಅದಕ್ಕೇ ನೀರು ಇಳಿಯಲ್ಲ. ನೀವು ಅಂಟುವಾಳ ಹಾಕಿ ಅದನ್ನೂ ಕಿತ್ತು ಹಾಕಿದ್ರಿ. ಬಾತಿಗೆ ಈಜು ಮರೆಸಿರೋರು ನೀವೇ ಮೊದ್ಲು."

ತಾತ ಪಂಚೆ ಹಿಂಡುತ್ತ, "ಕುರಿಗೆ ಏನೂ ಆಗಾಕಿಲ್ಲ" ಅಂದ.

ಅವ್ವ ಬಂದಾಗ ಹಿತ್ತಲಿನಲ್ಲಿ ಒಂದು ಬಾತೂ ಇರಲಿಲ್ಲ. ಅಡುಗೆಮನೆಯ ಒಲೆಯ ಮುಂದೆ ತಾತನ ಕಂಬಳಿ ಹರಡಿತ್ತು. ಕಂಬಳಿ ಉಸಿರಾಡುತ್ತಿತ್ತು. ಅವಳು ಒಂದು ತುದಿ ಎತ್ತಿ ನೋಡಿದಳು. ಮನೆ ತುಂಬ ಹೊಂಗೆಎಣ್ಣೆ ವಾಸನೆ. ಸಂತೆಯ ಚೀಲ ಕೆಳಗಿಡಲೂ ಮರೆತು ನನ್ನ ಕಡೆ ತಿರುಗಿದಳು. ತಾತ ಬಾಗಿಲಲ್ಲೇ ನಿಂತಿದ್ದ.

"ರತ್ನಿ, ಕೇಳು ನಿಮ್ಮ ತಾತನ್ನ. ನನಗೂ ಒಂದು ಸತಿ ಎಣ್ಣೆ ತಿಕ್ಕಿ, ತೊಳ್ದು, ಕೆರೆಗೆ ಬುಡ್ತಾರಂತಾ?"

ನಾನು ತಾತನ ಕಡೆ ನೋಡಿದೆ. ಹೇಳಲೇಬೇಕಲ್ಲ. "ತಾತ, ಅವ್ವಂಗೂ ಎಣ್ಣೆ..."

"ಕೇಳಿಸ್ತು" ಅಂದ ತಾತ. ಕಂಬಳಿಯ ಕಡೆ ಕೈ ತೋರಿಸಿ ಸೇರಿಸಿದ: "ಕಂಬ್ಳಿ ಒಳಗೆ ಕಚ್ಚಾಡ್ತಿಲ್ಲ, ನೋಡು ಅನ್ನು ನಿಮ್ಮವ್ವಂಗೆ."

ಸಿಟ್ಟು ಬರಿಸುವ ಸಂಗತಿ ಎಂದರೆ ಅದು ನಿಜವಾಗಿತ್ತು. ಚಳಿಗೆ ಒಂದರ ರೆಕ್ಕೆಯ ಕೆಳಗೆ ಒಂದು ನುಗ್ಗಿ ಮಲಗಿದ್ದವು. ಗೌಡ್ತಿಯ ಕತ್ತು ಹೊಸದೊಂದರ ಬೆನ್ನಿನ ಮೇಲಿತ್ತು. ಮರುದಿನ ಬೆಳಿಗ್ಗೆ ಹಿತ್ತಲಿಗೆ ಬಿಟ್ಟಾಗ ಒಂಬತ್ತೂ ಒಂದೇ ಸಾಲಿನಲ್ಲಿ ಹೋಗಿ ಒಂದೇ ಬಟ್ಟಲಿಗೆ ಕೊಕ್ಕು ಹಾಕಿದವು. ಎಣ್ಣೆಯಿಂದ ಆದದ್ದು ಅಂತ ತಾತ ಊರಿಗೆಲ್ಲ ಹೇಳಿಕೊಂಡು ಬಂದ. ಐದು ದಿನದ ತಟ್ಟಿಯಿಂದ ಆದದ್ದು ಅಂತ ಅವ್ವ. ಸಾಯುವ ಭಯ ಎಲ್ಲರನ್ನೂ ಕೂಡಿಸ್ತದೆ ಅಂತ ಓಬುಲಯ್ಯ. ಯಾರದು ಸರಿ ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಎಂಟನೆಯ ದಿನ ಓಬುಲಯ್ಯ ಹೊರಟ. ಅವನ ಮಂದೆ ನಮ್ಮ ಹಿತ್ತಲಿನ ಪಕ್ಕದ ಗಾಡಿಜಾಡಿನಲ್ಲೇ ಹೋಗಬೇಕಿತ್ತು. ಅವನ ಮಗ ಮಂದೆಯನ್ನು ಹಿಂದಿನಿಂದ ಹೊಡೆದುಕೊಂಡು ಬರುತ್ತಿದ್ದ. ಓಬುಲಯ್ಯ ಮುಂದಾಗಿ ಬಂದು ಬೇಲಿಯ ಆಚೆ ನಿಂತು, "ಏನಮ್ಮಾ, ಕೂಡ್ಕಂಡ್ವಾ?" ಅಂದ.

"ಕೂಡ್ಕಂಡ್ವು ಕಣಪ್ಪ. ಇನ್ನು ನನ್ನವೇ" ಅಂದಳು ಅವ್ವ. ಆ ಮಾತು ಹೇಳುವಾಗ ಅವಳ ಮುಖದಲ್ಲಿದ್ದ ಗೆಲುವನ್ನು ನಾನು ಕಂಡಿದ್ದೇನೆ. ಸಂತೋಷಕ್ಕೆ ಒಂದು ಚೊಂಬು ಮಜ್ಜಿಗೆ ತಂದಳು. ಕೊಡುವುದಕ್ಕೆ ತಡಿಕೆಯ ಬಾಗಿಲು ತೆರೆದಳು. ಅಷ್ಟರಲ್ಲಿ ಐನೂರು ಆರುನೂರು ಬಾತುಗಳು ಗದ್ದಲ ಮಾಡುತ್ತ ತಿರುವಿನಲ್ಲಿ ಬಂದವು.

ಹೊಸ ಐದು ಬಾತುಗಳು ಕತ್ತೆತ್ತಿ ಕೇಳಿಸಿಕೊಂಡವು. ಅವ್ವನ ಕಾಲ ಸಂದಿಯಿಂದ ನುಗ್ಗಿ ಓಡಿದವು. ಅವುಗಳ ಹಿಂದೆ ಗೌಡ್ತಿ. ಗೌಡ್ತಿಯ ಹಿಂದೆ ಉಳಿದ ಮೂರು. ಅಷ್ಟು ಚೆನ್ನಾಗಿ ಕೂಡಿಕೊಂಡಿದ್ದವು.

ಅವ್ವ ಚೊಂಬು ಕೈಲಿ ಹಿಡಿದೇ ಓಡಿದಳು. ಮಂದೆಯನ್ನು ಗಾಡಿಜಾಡಿನ ಎರಡು ದಿಣ್ಣೆಯ ನಡುವೆ ತಡೆದು ನಿಲ್ಲಿಸಿದರು. ಹಳೆಯ ನಾಲ್ಕನ್ನು ಅವ್ವ ಕಣ್ಣಳತೆಯಲ್ಲೇ ಗುರುತಿಸಿ ಎತ್ತಿಕೊಂಡಳು. ಹೊಸ ಐದರ ಗತಿ? ಅದೇ ಮಂದೆಯ ಮರಿಗಳು ಅವು. ಅದೇ ಕಂದು, ಅದೇ ಕಪ್ಪು ಚುಕ್ಕೆ. ಅವ್ವ ದಾರಿಯ ನಡುವೆ ನಿಂತುಬಿಟ್ಟಳು.

ಆಗ ತಾತ ಕೋಲೂರಿಕೊಂಡು ಬಂದ. ಯಾರನ್ನೂ ಏನೂ ಕೇಳದೆ ಧೂಳಿನಲ್ಲಿ ಕೂತ. "ಒಂದೊಂದೇ ಹಿಡಿದು ಕೊಡೋ" ಅಂದ ಓಬುಲಯ್ಯನ ಮಗನಿಗೆ. ಬಾತಿನ ರೆಕ್ಕೆ ಎತ್ತಿ ಮೂಸುತ್ತಿದ್ದ. "ಇದಲ್ಲ." ಇನ್ನೊಂದು. "ಇದಲ್ಲ." ಮೂಸುತ್ತ ಮೂಸುತ್ತ ಅವನ ಮೂಗಿನ ಮೇಲೆ ಪುಕ್ಕ ಅಂಟಿಕೊಂಡಿತು. ಊರಿನ ಜನ ಸೇರಿದರು. "ಏನ್ ತಾತ, ಮಲ್ಲಿಗೆ ಮಂಡಿ ಹಾಕಿದ್ದೀಯಾ?" ಅಂದ ಒಬ್ಬ. "ಇದು!" ಅಂದ ತಾತ. ಹೊಂಗೆಎಣ್ಣೆ. ಬಿಸಿಲು ಏರುವ ಹೊತ್ತಿಗೆ ನಾಲ್ಕು ಸಿಕ್ಕವು.

ಐದನೆಯದು ಸಿಗಲಿಲ್ಲ. ತಾತ ಇಡೀ ಮಂದೆಯನ್ನು ಮೂಸಿ ಮುಗಿಸಿದ. ಮತ್ತೆ ಮೊದಲಿನಿಂದ ಶುರು ಮಾಡಿದ. ನನಗೆ ಅಳು ಬಂತು.

"ಅದಕ್ಕೆ ನಾನು ಎಣ್ಣೆ ಹಚ್ಚಿರ್ಲಿಲ್ಲ ತಾತ" ಅಂದೆ.

ತಾತ ಕೈಯಲ್ಲಿದ್ದ ಬಾತನ್ನು ಕೆಳಗೆ ಬಿಟ್ಟ. ಸುತ್ತಲಿದ್ದವರ ಕಡೆ ತಿರುಗಿ, "ನೋಡಿದ್ರಾ? ನಾನು ಹೇಳಿದಂಗೆ ಮಾಡಿದ್ರೆ ಇದೂ ಸಿಕ್ತಿತ್ತು" ಅಂದ. ಅಷ್ಟು ಅನಾಹುತ ಮಾಡಿದ ಮನುಷ್ಯನ ಬಾಯಲ್ಲಿ ಆ ಮಾತು ಸರಿಯಾಗಿತ್ತು ಎಂಬುದೇ ನನಗೆ ತಡೆಯಲಾಗದ ಸಂಗತಿ.

ಓಬುಲಯ್ಯ ಕೈಗೆ ಸಿಕ್ಕ ಒಂದನ್ನು ಎತ್ತಿ ಹಿಡಿದು, "ತಗಳಮ್ಮ, ಎಲ್ಲಾ ಒಂದೇ" ಅಂದ.

"ಬ್ಯಾಡಪ್ಪ, ಕೈ ಮುಗೀತೀನಿ" ಅಂದಳು ಅವ್ವ. "ಇನ್ನೊಂದನ್ನ ಮತ್ತೆ ಮೊದ್ಲಿಂದ ಕೂಡ್ಸಾಕೆ ನನ್ನ ಕೈಲಾಗಲ್ಲ." ಆಮೇಲೆ ಅವಳು ನನ್ನ ಕಡೆ ತಿರುಗಲಿಲ್ಲ. ಧೂಳಿನಲ್ಲಿ ಕೂತು ಇನ್ನೊಂದು ಬಾತಿಗೆ ಕೈ ಚಾಚಿದ್ದ ತಾತನ ಎದುರಿಗೆ ಹೋಗಿ ನಿಂತಳು.

"ಮಾವಯ್ಯ, ಸಾಕು ಏಳಿ. ಮಂಡಿ ನೋಯ್ತದೆ."

ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ತಾತ ತಲೆಯೆತ್ತಿ ನೋಡಿದ. ಗಾಬರಿಯಾದವನಂತೆ ಎದ್ದ. ಮಜ್ಜಿಗೆ ಅವನಿಗೆ ಸಿಕ್ಕಿತು.

ಅಂದಿನಿಂದ ತಾತ ಹಿತ್ತಲಿಗೆ ಬರಬೇಕಾದರೆ ತಡಿಕೆಯ ಬಾಗಿಲ ಆಚೆ ನಿಂತು ಕೆಮ್ಮುತ್ತಿದ್ದ. "ಬರಬೌದೇನವ್ವ?" ಅನ್ನುತ್ತಿದ್ದ. ಅವ್ವ ಕೈಯ ಕೆಲಸ ಮುಗಿಸಿ, ಬೇಕೆಂದೇ ಸ್ವಲ್ಪ ತಡಮಾಡಿ, "ಬನ್ನಿ" ಅನ್ನುತ್ತಿದ್ದಳು. ಕೆಲವು ದಿನ "ಈಗ ಬ್ಯಾಡಿ, ಕಾವು ಕುಂತವೆ" ಅನ್ನುತ್ತಿದ್ದಳು. ಅವನು ತನ್ನದೇ ಜಮೀನಿನ ಬೇಲಿಯಿಂದ ಸುಮ್ಮನೆ ತಿರುಗಿ ಹೋಗುತ್ತಿದ್ದ. ಹೊಸವು ಮೊಟ್ಟೆ ಇಟ್ಟವು, ಮರಿಯಾದವು. ಹಿತ್ತಲು ಹತ್ತು ಹನ್ನೆರಡು ವರ್ಷ ಹಾಗೇ ನಡೆಯಿತು.

ಈಗ ಅವ್ವ ಮಧುಗಿರಿಯಲ್ಲಿ ನಮ್ಮ ಜೊತೆ ಇದ್ದಾಳೆ. ಅವಳಿಗೊಂದು ಕೋಣೆ ಇದೆ, ಒಳ್ಳೆಯ ಮಂಚ, ಫ್ಯಾನು, ಕಿಟಕಿಗೆ ಪರದೆ. ಎಲ್ಲರೂ ಅವಳ ಬಗ್ಗೆ ತುಂಬ ಕಾಳಜಿ ವಹಿಸುತ್ತೇವೆ, ಹಾಗಾಗಿ ಎಲ್ಲರೂ ಹೊತ್ತಿಲ್ಲದ ಹೊತ್ತಿನಲ್ಲಿ, ಕೆಮ್ಮದೆ ಕೇಳದೆ, ಒಳಗೆ ಹೋಗುತ್ತೇವೆ. ಮಾತ್ರೆ ಕೊಡಲು ಒಬ್ಬರು, ಇಸ್ತ್ರಿ ಬಟ್ಟೆ ಇಡಲು ಒಬ್ಬರು, ಚಾರ್ಜರ್ ಹುಡುಕಲು ಒಬ್ಬರು. ಮೊನ್ನೆ ನಾನೇ ಹೋಗಿ ಅವಳ ಬೀರುವಿನ ಸೀರೆಗಳನ್ನೆಲ್ಲ ತೆಗೆದು, ನನಗೆ ಸರಿ ಕಂಡಂತೆ ಜೋಡಿಸಿ, ಹಳೆಯ ನಾಲ್ಕನ್ನು ಯಾರಿಗೋ ಕೊಡಲು ಬೇರೆ ಇಟ್ಟೆ. ಅವ್ವ ಮಂಚದ ಮೇಲೆ ಕೂತು ನೋಡುತ್ತಿದ್ದಳು. ಒಂದು ಮಾತಾದರೂ ಬೈಯಲಿ ಎಂದು, ಮಡಿಸಿದ್ದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಿಸುತ್ತ ಬಹಳ ಹೊತ್ತು ನಿಂತಿದ್ದೆ. ಅವಳೋ, ನಾನು ಓಡಾಡಲು ಅನುಕೂಲವಾಗಲೆಂದು ಕಾಲು ಮಡಚಿಕೊಂಡಳು.